ಪುಟ ಎಲ್ಲಿ ನಿಂತಿತು? ಮನೆಯ ಪ್ರಿಂಟರನ್ನು ನೆಟ್‌ವರ್ಕಿಗೆ ಸೇರಿಸಿದ ನನ್ನ ಅನುಭವ

ನಮ್ಮ ಮನೆಯ ಲೇಸರ್ ಪ್ರಿಂಟರಿಗೆ ಹತ್ತು ವರ್ಷ ದಾಟಿದೆ. ಕಪ್ಪು ಬಿಳುಪು ಬಿಟ್ಟರೆ ಬೇರೆ ಬಣ್ಣ ಅರಿಯದು. ವೈಫೈ ಇಲ್ಲ, ಹಿಂಬದಿಯಲ್ಲಿ ಒಂದು ಯುಎಸ್‌ಬಿ ಕಿಂಡಿ ಇದೆ, ಅಷ್ಟೇ. ಆದರೆ ಯಂತ್ರ ಗಟ್ಟಿ. ನನ್ನ ಮೇಜಿನ ಅರ್ಧ ಜಾಗ ನುಂಗಿ ಕುಳಿತಿದ್ದ ಅದರ ಹತ್ತಿರಕ್ಕೆ ಹೆಂಡತಿಯೂ ಮಗಳೂ ಪೆನ್ ಡ್ರೈವ್ ಹಿಡಿದುಕೊಂಡು ಬರುತ್ತಿದ್ದರು. ನಾನು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಅವರಿಗೆ ಪ್ರಿಂಟ್ ತೆಗೆದುಕೊಡಬೇಕು. ಮನೆಯ ಮುದ್ರಣ ಗುಮಾಸ್ತನ ಈ ಹುದ್ದೆಗೆ ರಾಜೀನಾಮೆ ಕೊಡಬೇಕೆಂದು ಒಂದು ರಜೆಯ ದಿನ ಪ್ರಿಂಟ್ ಸರ್ವರ್ ಒಂದನ್ನು ತಂದೆ. ರಾಜೀನಾಮೆ ಅಂಗೀಕಾರವಾಗಲು ತಿಂಗಳುಗಳೇ ಹಿಡಿದವು.

ಅದು ಅಂಗೈ ಅಗಲದ ಪೆಟ್ಟಿಗೆ. ಒಂದು ಬದಿಗೆ ರೌಟರಿನಿಂದ ಬರುವ ನೆಟ್‌ವರ್ಕ್ ಕೇಬಲ್, ಇನ್ನೊಂದು ಬದಿಗೆ ಪ್ರಿಂಟರಿನ ಯುಎಸ್‌ಬಿ ಕೇಬಲ್. ನೆಟ್‌ವರ್ಕಿನಿಂದ ಬಂದದ್ದನ್ನು ಪ್ರಿಂಟರಿಗೆ ದಾಟಿಸುವುದಷ್ಟೇ ಅದರ ಕೆಲಸ. ಒಳಗೆ ಏನಿದೆ ಎಂದು ಅದು ನೋಡುವುದಿಲ್ಲ. ಲಕೋಟೆ ಒಡೆಯದ ಅಂಚೆಯವನ ಹಾಗೆ. ಈ ಮಾತಿನ ಮಹತ್ವ ನನಗೆ ಅಂದು ಗೊತ್ತಾಗಲಿಲ್ಲ.

ಮೊದಲ ತೊಡಕು ಪೆಟ್ಟಿಗೆಯನ್ನು ಕಂಡುಹಿಡಿಯುವುದರಲ್ಲೇ ಬಂತು. ಕಾರ್ಖಾನೆಯಿಂದ ಬರುವಾಗಲೇ ಅದರಲ್ಲಿ 192.168.0.10 ಎಂಬ ವಿಳಾಸ ಕೂರಿಸಿದ್ದರು. ನಮ್ಮ ಮನೆಯ ರೌಟರ್ ಹಂಚುವ ವಿಳಾಸಗಳೆಲ್ಲ 192.168.1 ಎಂದು ಆರಂಭವಾಗುತ್ತವೆ. ಮೂರನೆಯ ಅಂಕಿ ಬೇರೆಯಾದ್ದರಿಂದ ಎರಡೂ ಬೇರೆ ಬೇರೆ ಬೀದಿಗಳು. ಬ್ರೌಸರಿನಲ್ಲಿ ಎಷ್ಟು ಸಲ ವಿಳಾಸ ಬರೆದರೂ ಪುಟ ತೆರೆಯಲಿಲ್ಲ. ಕೊನೆಗೆ ರೌಟರನ್ನು ಬದಿಗಿಟ್ಟು ಪೆಟ್ಟಿಗೆಯನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿದೆ. ಕಂಪ್ಯೂಟರಿಗೆ ತಾತ್ಕಾಲಿಕವಾಗಿ 192.168.0.20 ಎಂಬ ವಿಳಾಸವನ್ನು ಕೈಯಾರೆ ಕೊಟ್ಟೆ. ಸೆಟ್ಟಿಂಗ್ ಪುಟ ತೆರೆಯಿತು. ಅಲ್ಲಿ ಪೆಟ್ಟಿಗೆಗೆ 192.168.1.50 ಎಂಬ ಹೊಸ ವಿಳಾಸ ಬರೆದು ಉಳಿಸಿ, ಕೇಬಲನ್ನು ಮತ್ತೆ ರೌಟರಿಗೆ ಹಾಕಿದೆ. ಕಂಪ್ಯೂಟರನ್ನು ಹಳೆಯ ಸ್ಥಿತಿಗೆ ತರುವುದು ಮರೆತು, ಇಂಟರ್ನೆಟ್ ಏಕೆ ಬರುತ್ತಿಲ್ಲ ಎಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡದ್ದು ಬೇರೆ ಮಾತು.

ಎರಡನೆಯ ತೊಡಕು ಡ್ರೈವರ್, ಎಂದರೆ ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ತಿಳಿಯುವಂತೆ ಮಾಡುವ ತಂತ್ರಾಂಶ. ಪ್ರಿಂಟರ್ ಜೊತೆಗೆ ಬಂದಿದ್ದ ತಂತ್ರಾಂಶ ‘ಯುಎಸ್‌ಬಿ ಕೇಬಲ್ ಜೋಡಿಸಿ’ ಎಂದು ಹೇಳಿ ಅಲ್ಲೇ ಪಟ್ಟು ಹಿಡಿದು ಕೂರುತ್ತದೆ. ಪ್ರಿಂಟರನ್ನು ಆಗಲೇ ನನ್ನ ಮೇಜಿನಿಂದ ಪಕ್ಕದ ಕೋಣೆಗೆ ಸಾಗಿಸಿದ್ದೆ. ಇದಕ್ಕೆ ಸುಲಭವಾದ ಉಪಾಯವೊಂದಿದೆ. ಪ್ರಿಂಟರನ್ನು ಒಮ್ಮೆ ಕಂಪ್ಯೂಟರಿಗೇ ಯುಎಸ್‌ಬಿ ಮೂಲಕ ಸಿಕ್ಕಿಸಿ ಡ್ರೈವರ್ ಹಾಕಿಬಿಡಬೇಕು, ಒಂದು ಪುಟ ಪ್ರಿಂಟ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಪ್ರಿಂಟರನ್ನು ಪೆಟ್ಟಿಗೆಗೆ ಜೋಡಿಸಿ, ವಿಂಡೋಸ್‌ನಲ್ಲಿ ಆ ಪ್ರಿಂಟರಿನ ಪ್ರಾಪರ್ಟೀಸ್ ತೆರೆದು ಪೋರ್ಟ್ಸ್ ಎಂಬ ವಿಭಾಗದಲ್ಲಿ ಯುಎಸ್‌ಬಿ ಬದಲು ಹೊಸದೊಂದು ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಸೇರಿಸಿ ಪೆಟ್ಟಿಗೆಯ ವಿಳಾಸ ಕೊಡಬೇಕು. ಡ್ರೈವರ್ ಅದೇ, ದಾರಿ ಮಾತ್ರ ಬೇರೆ. ತಯಾರಕರ ತಂತ್ರಾಂಶದ ಜೊತೆ ಗುದ್ದಾಡುವುದಕ್ಕಿಂತ ಇದೇ ವಾಸಿ ಎಂಬುದು ಇಂದಿಗೂ ನನ್ನ ಅಭಿಪ್ರಾಯ.

ಪೋರ್ಟ್ ಸೇರಿಸುವಾಗ ‘ರಾ’ ಮತ್ತು ‘ಎಲ್‌ಪಿಆರ್’ ಎಂಬ ಎರಡು ಆಯ್ಕೆಗಳು ಎದುರಾಗುತ್ತವೆ. ರಾ ಎಂದರೆ 9100 ಎಂಬ ಪೋರ್ಟ್ ಸಂಖ್ಯೆಗೆ (ಒಂದೇ ವಿಳಾಸಕ್ಕಿರುವ ಹಲವು ಬಾಗಿಲುಗಳಲ್ಲಿ ಒಂದು ಎನ್ನಿ) ದತ್ತಾಂಶವನ್ನು ಹಾಗೆಯೇ ಸುರಿಯುವುದು. ಎಲ್‌ಪಿಆರ್ 515ನೆಯ ಪೋರ್ಟಿನಲ್ಲಿ ಕೆಲಸ ಮಾಡುವ ಹಳೆಯ ಯುನಿಕ್ಸ್ ಕಾಲದ ಪದ್ಧತಿ. ಅದಕ್ಕೆ ಕ್ಯೂ, ಎಂದರೆ ಪುಟಗಳು ಸರದಿ ಕಾಯುವ ಸಾಲಿನ, ಹೆಸರು ಬೇಕು. ನನ್ನ ಪೆಟ್ಟಿಗೆಯ ಕೈಪಿಡಿಯಲ್ಲಿ ಕ್ಯೂ ಹೆಸರು ಸಣ್ಣ ಅಕ್ಷರಗಳಲ್ಲಿತ್ತು, ನಾನು ದೊಡ್ಡ ಅಕ್ಷರಗಳಲ್ಲಿ ಬರೆದೆ; ಕಳಿಸಿದ್ದೆಲ್ಲ ಗಾಳಿಗೆ ಹೋಯಿತು. ಹೆಸರು ಸರಿಪಡಿಸಿದರೂ ಪೆಟ್ಟಿಗೆ ಮೊಂಡು ಹಿಡಿಯಿತು. ಎಲ್‌ಪಿಆರ್ ಪದ್ಧತಿಯಲ್ಲಿ ದತ್ತಾಂಶ ಎಷ್ಟು ಬೈಟ್ ಇದೆ ಎಂದು ಮೊದಲೇ ಹೇಳಬೇಕು. ವಿಂಡೋಸ್ ಸಾಮಾನ್ಯವಾಗಿ ಎಣಿಸುವ ಗೋಜಿಗೆ ಹೋಗದೆ ಒಂದು ಅಂದಾಜಿನ ದೊಡ್ಡ ಸಂಖ್ಯೆ ಹೇಳಿಬಿಡುತ್ತದೆ, ಶಿಸ್ತಿನ ಸರ್ವರ್‌ಗಳು ಅದನ್ನು ಒಪ್ಪುವುದಿಲ್ಲ. ಬೈಟ್ ಕೌಂಟಿಂಗ್ ಎಂಬ ಚೌಕಕ್ಕೆ ಗುರುತು ಹಾಕಿದ ಮೇಲೆ ಕೆಲಸ ಆಯಿತು. ಈಗ ಹೊಸದಾಗಿ ಮಾಡುವವರು ಎಲ್‌ಪಿಆರ್ ತಂಟೆಗೇ ಹೋಗದೆ ರಾ ಆಯ್ದುಕೊಳ್ಳುವುದು ಒಳ್ಳೆಯದು. ನಾನೂ ಕೊನೆಗೆ ಅದಕ್ಕೇ ಬಂದೆ.

ಮೊದಲ ಪುಟ ಪಕ್ಕದ ಕೋಣೆಯಲ್ಲಿ ಹೊರಬಂದ ಸದ್ದು ಕೇಳಿ ಮಗಳು ಚಪ್ಪಾಳೆ ತಟ್ಟಿದಳು. ಎರಡು ದಿನಕ್ಕೆ ಪ್ರಿಂಟರ್ ಹೆಸರು ಪರದೆಯ ಮೇಲೆ ಮಂಕಾಗಿ ‘ಆಫ್‌ಲೈನ್’ ಎಂದು ತೋರಿಸತೊಡಗಿತು. ಪೆಟ್ಟಿಗೆಯ ದೀಪ ಉರಿಯುತ್ತಿದೆ, ಪ್ರಿಂಟರ್ ಸಿದ್ಧವಾಗಿದೆ, ಪಿಂಗ್ ಮಾಡಿದರೆ (ಎಂದರೆ ಆ ವಿಳಾಸಕ್ಕೆ ‘ಇದ್ದೀಯಾ?’ ಎಂದು ಕೂಗಿ ಕೇಳಿದರೆ) ಉತ್ತರ ಬರುತ್ತಿದೆ, ಆದರೂ ಕಂಪ್ಯೂಟರ್ ಒಪ್ಪದು. ನಾನು ಮಾಡಿದ ದಡ್ಡ ಕೆಲಸವೆಂದರೆ ಡ್ರೈವರ್ ತೆಗೆದು ಮತ್ತೆ ಹಾಕಿದ್ದು, ಅದೂ ಮೂರು ಸಲ. ತಪ್ಪು ಇದ್ದದ್ದು ಪೋರ್ಟಿನ ಸೆಟ್ಟಿಂಗಿನಲ್ಲಿ. ವಿಂಡೋಸ್ ಆಗಾಗ ಎಸ್‌ಎನ್‌ಎಂಪಿ ಎಂಬ ಪದ್ಧತಿಯಲ್ಲಿ ಪ್ರಿಂಟರಿನ ಕ್ಷೇಮ ಸಮಾಚಾರ ವಿಚಾರಿಸುತ್ತದೆ. ನನ್ನ ಅಗ್ಗದ ಪೆಟ್ಟಿಗೆಗೆ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಬಾರದು. ಉತ್ತರ ಬರಲಿಲ್ಲವೆಂದರೆ ಪ್ರಿಂಟರ್ ಇಲ್ಲವೇ ಇಲ್ಲ ಎಂದು ವಿಂಡೋಸ್ ತೀರ್ಮಾನಿಸುತ್ತದೆ. ಎಸ್‌ಎನ್‌ಎಂಪಿ ಸ್ಟೇಟಸ್ ಎಂಬ ಒಂದೇ ಒಂದು ಗುರುತು ತೆಗೆದೆ. ಪ್ರಿಂಟರ್ ಜೀವ ತಳೆಯಿತು.

ಅಲ್ಲಿಂದ ಮುಂದೆ ಒಂದು ಅಭ್ಯಾಸ ಮಾಡಿಕೊಂಡೆ. ಪ್ರಿಂಟ್ ಬರಲಿಲ್ಲ ಎಂದ ಕೂಡಲೇ ಕೈಗೆ ಸಿಕ್ಕಿದ್ದನ್ನು ಬದಲಿಸುವುದಿಲ್ಲ, ಪುಟ ಎಲ್ಲಿಯವರೆಗೆ ಹೋಗಿ ನಿಂತಿದೆ ಎಂದು ನೋಡುತ್ತೇನೆ. ಕಂಪ್ಯೂಟರಿನ ಕ್ಯೂನಲ್ಲೇ ಕುಳಿತಿದೆಯೇ? ಹಾಗಿದ್ದರೆ ದೋಷ ಪೋರ್ಟಿನದ್ದು ಅಥವಾ ವಿಳಾಸದ್ದು. ಕ್ಯೂ ಖಾಲಿಯಾಗಿ ಪೆಟ್ಟಿಗೆಯ ದೀಪ ಮಿನುಗಿತೇ? ಹಾಗಿದ್ದರೆ ಪುಟ ಪೆಟ್ಟಿಗೆಯನ್ನು ಮುಟ್ಟಿದೆ, ಮುಂದಿನ ಯುಎಸ್‌ಬಿ ಕೇಬಲ್ ನೋಡಬೇಕು. ಪ್ರಿಂಟರ್ ಗುರುಗುಟ್ಟಿ ಸುಮ್ಮನಾಯಿತೇ? ಹಾಗಿದ್ದರೆ ಅದಕ್ಕೆ ಅರ್ಥವಾಗದ ಭಾಷೆಯಲ್ಲಿ ಏನೋ ಬಂದಿದೆ, ಎಂದರೆ ಡ್ರೈವರ್ ತಪ್ಪು.

ಈ ಅಭ್ಯಾಸ ಕೈ ಹಿಡಿದದ್ದು ಸಂಜೆಯ ಕಾಟದಲ್ಲಿ. ಹಗಲೆಲ್ಲ ಸರಿಯಾಗಿರುವ ಪ್ರಿಂಟರ್ ಕೆಲವು ಸಂಜೆ ಮಾತ್ರ ಕೈ ಕೊಡುತ್ತಿತ್ತು. ಪುಟಗಳು ಕ್ಯೂನಲ್ಲೇ ನಿಲ್ಲುತ್ತಿದ್ದವು. ಪಿಂಗ್ ಮಾಡಿದರೆ ಉತ್ತರ ಬರುತ್ತಿತ್ತು, ಅದೇ ನನ್ನ ದಿಕ್ಕು ತಪ್ಪಿಸಿತು. ಒಂದು ಸಂಜೆ ಪೆಟ್ಟಿಗೆಯ ಕೇಬಲ್ ಕಿತ್ತು ಕೈಯಲ್ಲೇ ಹಿಡಿದುಕೊಂಡು ಮತ್ತೆ ಪಿಂಗ್ ಮಾಡಿದೆ. ಪೆಟ್ಟಿಗೆ ನನ್ನ ಕೈಯಲ್ಲಿದೆ, 192.168.1.50 ಮಾತ್ರ ನಿರಾತಂಕವಾಗಿ ಉತ್ತರ ಕೊಡುತ್ತಿದೆ! ಆ ವಿಳಾಸದಲ್ಲಿ ಇನ್ಯಾರೋ ಬಂದು ಕುಳಿತಿದ್ದರು. ರೌಟರಿನ ಪಟ್ಟಿ ತೆರೆದು ನೋಡಿದರೆ ಅದು ಮಗಳ ಮೊಬೈಲ್. ನಾನು ಪೆಟ್ಟಿಗೆಗೆ ಕೈಯಾರೆ ಕೊಟ್ಟ ವಿಳಾಸದ ಸುದ್ದಿ ರೌಟರಿಗೆ ಗೊತ್ತೇ ಇರಲಿಲ್ಲ. ತಾನು ಹಂಚಬಹುದಾದ ವಿಳಾಸಗಳಲ್ಲಿ ಅದೂ ಒಂದು ಎಂದು ಅದು ಮೊಬೈಲಿಗೆ ಕೊಟ್ಟಿತ್ತು. ನನ್ನ ಪ್ರಶ್ನಪತ್ರಿಕೆ, ಬಿಲ್ಲುಗಳೆಲ್ಲ ಮಗಳ ಮೊಬೈಲಿನ ಬಾಗಿಲು ತಟ್ಟಿ ವಾಪಸ್ ಬರುತ್ತಿದ್ದವು.

ಪರಿಹಾರ ಎರಡು ಬಗೆ. ರೌಟರ್ ಹಂಚುವ ವಿಳಾಸಗಳ ವ್ಯಾಪ್ತಿಯನ್ನು ಕುಗ್ಗಿಸಿ, ಪೆಟ್ಟಿಗೆಗೆ ಅದರ ಹೊರಗಿನ ವಿಳಾಸ ಕೊಡಬಹುದು. ಇಲ್ಲವೇ ಪೆಟ್ಟಿಗೆಯ ತಳದಲ್ಲಿ ಅಚ್ಚಾಗಿರುವ ಮ್ಯಾಕ್ ವಿಳಾಸವನ್ನು (ಕಾರ್ಖಾನೆಯಲ್ಲೇ ಸಾಧನಕ್ಕೆ ಕೊಡುವ ಗುರುತಿನ ಸಂಖ್ಯೆ) ರೌಟರಿನಲ್ಲಿ ದಾಖಲಿಸಿ, ಇದಕ್ಕೆ ಯಾವಾಗಲೂ ಇದೇ ವಿಳಾಸ ಕೊಡು ಎಂದು ಕಾಯ್ದಿರಿಸಬಹುದು. ನಾನು ವ್ಯಾಪ್ತಿಯನ್ನು 100ರಿಂದ 200ರವರೆಗೆ ಕುಗ್ಗಿಸಿದೆ. 50 ಅದರ ಹೊರಗೆ ಉಳಿಯಿತು. ಸಂಜೆಯ ಕಾಟ ಅಂದಿಗೆ ತೀರಿತು.

ನಡುವೆ ಒಂದು ಕುತೂಹಲದ ಪ್ರಯೋಗ ಮಾಡಿದೆ. 9100 ಪೋರ್ಟಿಗೆ ಏನು ಸುರಿದರೂ ಪ್ರಿಂಟರಿಗೆ ಮುಟ್ಟುವುದಾದರೆ ಡ್ರೈವರ್ ಇಲ್ಲದೆ ಬರಿಯ ಪಠ್ಯವನ್ನೇ ಕಳಿಸಿದರೆ ಹೇಗೆ? ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇರುವ ಲ್ಯಾಪ್‌ಟಾಪಿನಿಂದ ನಾಲ್ಕು ಸಾಲು ಇಂಗ್ಲಿಷ್ ಕಳಿಸಿದೆ. ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಇಳಿಯುತ್ತಾ ಹೋದವು. ಲಿನಕ್ಸ್ ಸಾಲಿನ ಕೊನೆಯಲ್ಲಿ ‘ಕೆಳಗಿಳಿ’ ಎಂಬ ಸಂಕೇತವನ್ನಷ್ಟೇ ಇಡುತ್ತದೆ, ‘ಎಡಕ್ಕೆ ಮರಳು’ ಎಂಬುದನ್ನು ಇಡುವುದಿಲ್ಲ. ಪ್ರಿಂಟರ್ ಹೇಳಿದಷ್ಟನ್ನೇ ಮಾಡಿತು. ಆಮೇಲೆ ‘ನಮಸ್ಕಾರ’ ಎಂದು ಕಳಿಸಿದೆ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ನ, ಮ, ಸ, ವಿರಾಮ, ಕ, ದೀರ್ಘ, ರ ಎಂದು 7 ಸಂಕೇತ. ಒಂದೊಂದಕ್ಕೆ 3 ಬೈಟ್, ಒಟ್ಟು 21 ಬೈಟ್. ಪ್ರಿಂಟರಿನ ಒಡಲಲ್ಲಿ ಕನ್ನಡ ಫಾಂಟ್ ಇಲ್ಲ, ಅದು ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದಿ, ಟೋಪಿ ಹಾಕಿಕೊಂಡ ಯುರೋಪಿನ ಅಕ್ಷರಗಳ ಒಂದು ಸಾಲು ಅಚ್ಚು ಹಾಕಿತು. ಡ್ರೈವರ್ ಎಂಬುದು ಅಕ್ಷರಗಳನ್ನು ಆಕಾರವಾಗಿಸಿ ಪ್ರಿಂಟರಿನ ಭಾಷೆಗೆ ತರುವ ದುಭಾಷಿ ಎಂಬುದು ಆ ಹಾಳೆ ನೋಡಿದಾಗ ಮನಸ್ಸಿಗೆ ನಾಟಿತು. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಹಳೆಯ ಪ್ರಿಂಟರ್ ಹಾಳೆ ಎಳೆಯಲು ಮುಷ್ಕರ ಹೂಡಿದಾಗ ಅಕ್ಕ ತನ್ನ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಒಂದು ಪುಟ್ಟ ಲೇಸರ್ ಪ್ರಿಂಟರ್ ಕೊಟ್ಟಳು. ಪೆಟ್ಟಿಗೆಗೆ ಸಿಕ್ಕಿಸಿದೆ. ಪುಟ ಪೆಟ್ಟಿಗೆಯವರೆಗೆ ಹೋಯಿತು, ಅಲ್ಲಿಂದ ಮುಂದೆ ಪ್ರಿಂಟರಿನ ದೀಪವೂ ಅಲುಗಲಿಲ್ಲ. ಅಂಚೆಯವನ ಮಾತು ಇಲ್ಲಿ ಮತ್ತೆ ಬರುತ್ತದೆ. ಹಳೆಯ ಪ್ರಿಂಟರಿಗೆ ಪಿಸಿಎಲ್ ಎಂಬ ಪುಟ ವರ್ಣನೆಯ ಭಾಷೆ ಬರುತ್ತಿತ್ತು, ಅದು ಸ್ವಂತ ಬುದ್ಧಿಯ ಯಂತ್ರ. ಈ ಪುಟ್ಟದಕ್ಕೆ ಸ್ವಂತ ಬುದ್ಧಿ ಕಡಿಮೆ, ಪುಟ ಜೋಡಿಸುವ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡಿ ಕೊಡಬೇಕು. ಸಾಲದ್ದಕ್ಕೆ, ಇಂಥ ಕೆಲವು ಪ್ರಿಂಟರ್‌ಗಳು ಆರಿಸಿದಾಗಲೆಲ್ಲ ತಮ್ಮ ಫರ್ಮ್‌ವೇರ್ (ಯಂತ್ರವನ್ನು ನಡೆಸುವ ಒಳಗಿನ ತಂತ್ರಾಂಶ) ಮರೆತುಬಿಡುತ್ತವೆ. ಹೊತ್ತಿಸಿದಾಗಲೆಲ್ಲ ಕಂಪ್ಯೂಟರ್ ಅದನ್ನು ಮತ್ತೆ ತುಂಬಬೇಕು. ಲಕೋಟೆ ಒಡೆಯದ ಪೆಟ್ಟಿಗೆಗೆ ಈ ಕೆಲಸ ಬಾರದು. ಪ್ರಿಂಟ್ ಸರ್ವರ್ ಕೊಳ್ಳುವ ಮುನ್ನ ನಿಮ್ಮ ಪ್ರಿಂಟರಿಗೆ ಪಿಸಿಎಲ್ ಅಥವಾ ಅಂಥದೇ ಇನ್ನೊಂದು ಭಾಷೆಯಾದ ಪೋಸ್ಟ್‌ಸ್ಕ್ರಿಪ್ಟ್ ಬರುತ್ತದೆಯೇ ಎಂದು ನೋಡಿಕೊಳ್ಳಿ. ನಾನು ಈ ಒಂದನ್ನು ನೋಡಿರಲಿಲ್ಲ.

ಹಾಗಾಗಿ ಪೆಟ್ಟಿಗೆಗೆ ವಿಶ್ರಾಂತಿ ಕೊಟ್ಟು, ಡ್ರಾಯರಿನಲ್ಲಿದ್ದ ರಾಸ್ಪ್‌ಬೆರಿ ಪೈ ಹೊರತೆಗೆದೆ. ಅದು ಅಂಗೈಯಗಲದ ಪೂರ್ಣ ಕಂಪ್ಯೂಟರ್. ಅದರಲ್ಲಿ ಕಪ್ಸ್ ಹಾಕಿದೆ. ಲಿನಕ್ಸ್ ಮತ್ತು ಆಪಲ್‌ನ ಮ್ಯಾಕ್ ಕಂಪ್ಯೂಟರ್ ಎರಡರಲ್ಲೂ ಮುದ್ರಣ ನೋಡಿಕೊಳ್ಳುವುದು ಈ ಕಪ್ಸ್. ಮೊದಲು ಬಿಡುಗಡೆಯಾದದ್ದು 1999ರಲ್ಲಿ. ನನ್ನ ಹೆಸರನ್ನು ಪ್ರಿಂಟರ್ ನಿರ್ವಹಿಸುವ ಹಕ್ಕಿರುವ ಎಲ್‌ಪಿಅಡ್ಮಿನ್ ಗುಂಪಿಗೆ ಸೇರಿಸಿ, ಹೊರಗಿನ ಕಂಪ್ಯೂಟರ್‌ಗಳಿಗೆ ಪ್ರವೇಶ ಕೊಟ್ಟು, 631ನೆಯ ಪೋರ್ಟಿನ ಪುಟದಲ್ಲಿ ಪ್ರಿಂಟರ್ ಸೇರಿಸಿದೆ. ಇಲ್ಲಿ ಒಂದು ಎಚ್ಚರಿಕೆ. ತಯಾರಕರು ಲಿನಕ್ಸ್‌ಗೆಂದು ಕೊಡುವ ಡ್ರೈವರ್‌ಗಳು ಹೆಚ್ಚಾಗಿ ಇಂಟೆಲ್ ಬಗೆಯ ಪ್ರೊಸೆಸರ್‌ಗಳಿಗಷ್ಟೇ ಇರುತ್ತವೆ. ಪೈಯಲ್ಲಿರುವುದು ಆರ್ಮ್ ಎಂಬ ಬೇರೆ ಬಗೆಯ ಪ್ರೊಸೆಸರ್; ಅದರಲ್ಲಿ ಆ ಡ್ರೈವರ್‌ಗಳು ಓಡುವುದಿಲ್ಲ. ನನ್ನ ಪುಣ್ಯಕ್ಕೆ ಈ ಪ್ರಿಂಟರಿಗೆ ಸ್ವಯಂಸೇವಕರು ಬರೆದ ಮುಕ್ತ ಡ್ರೈವರ್ ಇತ್ತು, ಫರ್ಮ್‌ವೇರ್ ತುಂಬುವ ಕೆಲಸವನ್ನೂ ಅದೇ ನೋಡಿಕೊಂಡಿತು.

ಈ ಬದಲಾವಣೆಯ ದೊಡ್ಡ ಲಾಭ ನಾನು ನಿರೀಕ್ಷಿಸಿರಲಿಲ್ಲ. ದುಭಾಷಿ ಈಗ ಪೈಯೊಳಗೇ ಕುಳಿತಿದ್ದಾನೆ, ಆದ್ದರಿಂದ ಬೇರೆ ಕಂಪ್ಯೂಟರ್‌ಗಳಿಗೆ ತಯಾರಕರ ಡ್ರೈವರ್ ಬೇಕಿಲ್ಲ. ವಿಂಡೋಸ್‌ನಲ್ಲಿ ಪೈಯ ವಿಳಾಸ, 631 ಮತ್ತು ಕ್ಯೂ ಹೆಸರು ಸೇರಿಸಿ ಬರೆದರೆ ಅದು ತನ್ನ ಸಾಮಾನ್ಯ ಐಪಿಪಿ (ನೆಟ್‌ವರ್ಕ್ ಮೂಲಕ ಮುದ್ರಿಸುವ ಒಂದು ಪದ್ಧತಿ) ಡ್ರೈವರಿನಲ್ಲೇ ಕೆಲಸ ನಡೆಸುತ್ತದೆ. ಮೊಬೈಲ್‌ಗಳಿಗೆ ಅಷ್ಟೂ ಬೇಡ. ಅವಾಹಿ ಎಂಬ ಸೇವೆ ಪ್ರಿಂಟರ್ ಇಲ್ಲಿದೆ ಎಂದು ಮನೆಯ ನೆಟ್‌ವರ್ಕಿಗೆಲ್ಲ ಡಂಗುರ ಸಾರುತ್ತದೆ; ಪ್ರಿಂಟ್ ಒತ್ತಿದರೆ ಹೆಸರು ತಾನಾಗಿ ಬರುತ್ತದೆ. ಮಗಳ ಮೊಬೈಲಿನಲ್ಲಿ ಮಾತ್ರ ಬರಲಿಲ್ಲ. ಅವಳು ಅತಿಥಿಗಳಿಗೆಂದು ಇಟ್ಟ ವೈಫೈನಲ್ಲಿದ್ದಳು, ಡಂಗುರದ ಸದ್ದು ಆ ಗೋಡೆ ದಾಟುವುದಿಲ್ಲ. ಮನೆಯ ವೈಫೈಗೆ ಸೇರಿಸಿದ ಕೂಡಲೇ ಕಾಣಿಸಿತು.

ಆಮೇಲೂ ಒಂದು ಕಿರಿಕಿರಿ ಉಳಿದಿತ್ತು. ರಾತ್ರಿ ಪ್ರಿಂಟರ್ ಆರಿಸಿದ ಮೇಲೆ ಯಾರಾದರೂ ಪ್ರಿಂಟ್ ಕೊಟ್ಟರೆ, ಕಪ್ಸ್ ದೋಷ ಕಂಡು ಇಡೀ ಕ್ಯೂ ನಿಲ್ಲಿಸಿಬಿಡುತ್ತಿತ್ತು. ಬೆಳಿಗ್ಗೆ ಪ್ರಿಂಟರ್ ಹೊತ್ತಿಸಿದರೂ ಕ್ಯೂ ನಿಂತೇ ಇರುತ್ತಿತ್ತು. ದೋಷ ಬಂದರೆ ಏನು ಮಾಡಬೇಕು ಎಂಬ ಸೆಟ್ಟಿಂಗಿನಲ್ಲಿ ‘ನಿಲ್ಲಿಸು’ ಎಂಬುದರ ಬದಲು ‘ಮತ್ತೆ ಪ್ರಯತ್ನಿಸು’ ಆಯ್ದೆ. ಸುರಕ್ಷತೆಯ ಬಗ್ಗೆಯೂ ಒಂದು ಮಾತು: 9100ಕ್ಕೆ ಗುಪ್ತಪದವೇ ಇಲ್ಲ, ಆದ್ದರಿಂದ ರೌಟರಿನಲ್ಲಿ 9100 ಅಥವಾ 631ನ್ನು ಹೊರಜಗತ್ತಿಗೆ ತೆರೆಯಲೇಬೇಡಿ. 2024ರ ಸೆಪ್ಟೆಂಬರಿನಲ್ಲಿ ಕಪ್ಸ್ ಜೊತೆಗೆ ಬರುವ ಕಪ್ಸ್-ಬ್ರೌಸ್ಡ್ ಎಂಬ ಸೇವೆಯಲ್ಲಿ ಗಂಭೀರ ಲೋಪ ಬಯಲಾಯಿತು. ಬೇರೆಯವರ ಪ್ರಿಂಟರ್ ಹುಡುಕುವುದು ಅದರ ಕೆಲಸ, ನನ್ನ ಪೈಗೆ ಅದರ ಅಗತ್ಯವಿರಲಿಲ್ಲ; ಆ ಸೇವೆಯನ್ನು ನಿಲ್ಲಿಸಿಬಿಟ್ಟೆ.

ಹಳೆಯ ಪ್ರಿಂಟರಿಗೆ ಹೊಸ ರೋಲರ್ ಹಾಕಿಸಿ ಅದನ್ನೂ ಪೈಗೆ ಸಿಕ್ಕಿಸಿದ್ದೇನೆ. ಎರಡೂ ಈಗ ಕಪಾಟಿನ ಕೆಳಗಿನ ತಟ್ಟೆಯಲ್ಲಿವೆ, ನನ್ನ ಮೇಜು ಖಾಲಿ. ನಿದ್ದೆಯಿಂದ ಎದ್ದು ಮೊದಲ ಪುಟ ಕೊಡಲು ಹಳೆಯದಕ್ಕೆ ಅರ್ಧ ನಿಮಿಷವಾದರೂ ಬೇಕು. ಮಗಳಿಗೆ ಅಷ್ಟು ತಾಳ್ಮೆ ಇಲ್ಲ. ಬರಲಿಲ್ಲವೆಂದು ಮೂರು ಸಲ ಒತ್ತುತ್ತಾಳೆ, ಮೂರು ಪ್ರತಿಯೂ ಬರುತ್ತವೆ. ಮಿಕ್ಕ ಎರಡರ ಹಿಂಬದಿಯಲ್ಲಿ ನಾನು ಲೆಕ್ಕ ಬರೆದುಕೊಳ್ಳುತ್ತೇನೆ.