ಡ್ರೈಸೂಟಿನೊಳಗೆ ನಾನೇ ಹೊಲಿದುಕೊಂಡ ಏರೋಜೆಲ್

ಸೂಟ್ ದಪ್ಪ ಇದ್ದಷ್ಟೂ ಬೆಚ್ಚಗಿರುತ್ತೆ ಅಂತ ನಂಬಿ, ಬಹಳ ದಿನ 7 ಮಿ.ಮೀ. ನಿಯೋಪ್ರೀನ್ (ಗುಳ್ಳೆ ತುಂಬಿದ ರಬ್ಬರ್) ವೆಟ್‌ಸೂಟಿನಲ್ಲೇ ನೀರಿನಾಳಕ್ಕೆ ಡೈವ್ ಮಾಡುತ್ತಿದ್ದೆ. 30 ಮೀಟರ್ ಇಳಿದರೆ ಮೈಯೆಲ್ಲ ಗಡಗಡ. ಒಮ್ಮೆ ಸುಮ್ನೆ ಕುತೂಹಲಕ್ಕೆ ಹಳೆ ಸೂಟಿನ ತುಂಡೊಂದನ್ನು ಕೆಳಗೆ ಒಯ್ದು, ಪ್ಲಾಸ್ಟಿಕ್ ಕ್ಯಾಲಿಪರ್‌ನಲ್ಲಿ ಅಳೆದೆ. 4 ಮಿ.ಮೀ. ಕೂಡ ಇರಲಿಲ್ಲ! ಅಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಬೆಚ್ಚಗಿಡುವುದು ರಬ್ಬರಿನೊಳಗಿನ ಗುಳ್ಳೆಗಳು ತಾನೇ, ಅವೇ ಹಿಚುಕಿಹೋಗಿದ್ದವು.

ಒಳಗೆ ನೀರು ಬಿಡದ ಡ್ರೈಸೂಟ್ ತಗೊಂಡೆ. ಇಳಿಯುತ್ತಾ ಒಳಗೆ ಗ್ಯಾಸ್ ಬಿಟ್ಟುಕೊಳ್ಳುವುದರಿಂದ ಒಳಬಟ್ಟೆ ಅಷ್ಟು ಚಪ್ಪಟೆಯಾಗುವುದಿಲ್ಲ. ಆದರೆ ನೆಟ್ಟಗೆ ನಿಂತರೆ ಗ್ಯಾಸೆಲ್ಲ ಹೆಗಲಿಗೇರಿ, ಕಾಲಿನ ಬಟ್ಟೆ ಮೈಗೆ ಅಂಟುತ್ತದೆ. ಚಳಿ ನುಗ್ಗುವುದು ಅಲ್ಲೇ.

ಅಲ್ಲಿಗೆ ಒತ್ತಿದರೂ ಸುಲಭಕ್ಕೆ ಕುಗ್ಗದ ವಸ್ತು ಬೇಕಿತ್ತು. ನಾರಿನ ಹಾಸಿನಲ್ಲಿ ಕೂರಿಸಿದ ಸಿಲಿಕಾ ಏರೋಜೆಲ್ ಆರಿಸಿಕೊಂಡೆ. ಏರೋಜೆಲ್ ಅಂದರೆ ಸಣ್ಣ ಸಣ್ಣ ರಂಧ್ರಗಳ ಹಗುರ ಘನವಸ್ತು, ಅದರಲ್ಲಿ ಬಹುಪಾಲು ಗಾಳಿಯೇ. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ, ಗಾಳಿಯ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಶಾಖ ದಾಟಿಸಲು ಜಾಗವೇ ಸಾಲುವುದಿಲ್ಲ. ಆದರೆ ವಿಪರೀತ ಪುಡಿ ಉದುರುತ್ತದೆ, ಮುಟ್ಟಿದರೆ ಚರ್ಮ ಒಣಗುತ್ತದೆ. ಕತ್ತರಿಸುವಾಗ ಮಾಸ್ಕ್, ಗ್ಲೌಸ್ ಬೇಕೇ ಬೇಕು.

ಪುಡಿ ಹೊರಬರದಿರಲಿ ಅಂತ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿಯಾಡದಂತೆ ಸೀಲ್ ಮಾಡಿದೆ. ದೊಡ್ಡ ಜಾಣ ಅಂದುಕೊಂಡಿದ್ದೆ. ಮೊದಲ ಡೈವ್‌ನಲ್ಲೇ ಚೀಲಗಳು ಹಲಗೆಯಂತೆ ಬಿಗಿದುಕೊಂಡವು. ಒಳಗೆ ಸಿಕ್ಕಿಬಿದ್ದಿದ್ದು ಮೇಲಿನ ಗಾಳಿ, ಸುತ್ತ ಕೆಳಗಿನ ಒತ್ತಡ. ಮೇಲೆ ಬಂದು ಬಿಚ್ಚಿದರೆ ಅರ್ಧ ಪುಡಿಪುಡಿ. ನಿಯೋಪ್ರೀನ್ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ, ಅಲ್ವಾ?

ಎರಡನೇ ಸಲ ಒತ್ತು ನೇಯ್ಗೆಯ, ಆದರೆ ಗಾಳಿಯಾಡುವ ಬಟ್ಟೆಯ ಜೇಬು ಹೊಲಿದೆ. ಹೊಲಿಗೆ ಅಂಚಿನಲ್ಲಷ್ಟೇ, ಏರೋಜೆಲ್‌ಗೆ ಸೂಜಿ ತಾಗಿಸಲಿಲ್ಲ. ತೊಡೆ, ಮೀನಖಂಡ, ಸೊಂಟದ ಹಿಂದೆ ಒಂದೊಂದು. ಮಂಡಿ ಬಿಟ್ಟುಬಿಟ್ಟೆ, ಮಡಚಿ ಮಡಚಿ ಪುಡಿಯಾಗುತ್ತೆ.

ಗಾಳಿಗಿಂತ ಕಡಿಮೆ ಶಾಖ ಸಾಗಿಸುವ ಆರ್ಗಾನ್ ಗ್ಯಾಸ್‌ನಲ್ಲೂ ಸೂಟ್ ತುಂಬಿ ನೋಡಿದೆ. ಒಳಗಿನ ಗಾಳಿಯನ್ನು ಹಲವು ಸಲ ಹೊರಹಾಕಿ ತುಂಬದಿದ್ದರೆ ಅದೂ ದಂಡ. ಟ್ರೈಮಿಕ್ಸ್ (ಹೀಲಿಯಂ ಬೆರೆಸಿದ ಗ್ಯಾಸ್) ಉಸಿರಾಡುವವರು ಅದನ್ನೇ ಸೂಟಿಗೆ ಬಿಡಬೇಡಿ. ಹೀಲಿಯಂ ಗಾಳಿಗಿಂತ ಸುಮಾರು ಆರು ಪಟ್ಟು ಜಾಸ್ತಿ ಶಾಖ ಸಾಗಿಸುತ್ತದೆ.

ಈಗ ಕಾಲು ಬೆಚ್ಚಗಿರುತ್ತದೆ. ಮೊದಲು ಮರಗಟ್ಟುವುದು ಬೆರಳು. ಬಕಲ್ ಹಿಡಿಯಲು ಅವು ತಡವರಿಸಿದರೆ, ಗಡಿಯಾರ ಏನೇ ಹೇಳಲಿ, ಡೈವ್ ಮುಗಿಸುತ್ತೇನೆ.