ನೆಟ್ ಸ್ಪೀಡ್ ಬೇಕಂತಲೇ ಕಡಿಮೆ ಮಾಡಿದೆ, ಪಿಂಗ್ ಸರಿಹೋಯಿತು

"ಸ್ಪೀಡ್ ಕಡಿಮೆ ಮಾಡಿದ್ರೆ ಲ್ಯಾಗ್ ಹೋಗುತ್ತಾ? ತಲೆ ಸರಿ ಇದೆಯಾ ಮಗಾ?" ನನ್ನ ಟೀಮಿನ ನಾಲ್ವರೂ ಕೇಳಿದ್ದು ಇದನ್ನೇ. ಈಗ ನಾಲ್ಕು ತಿಂಗಳಾಯಿತು. ರಾತ್ರಿ ಒಂಬತ್ತಕ್ಕೆ, ರೂಮಿನಲ್ಲಿ ಇನ್ನೂ ಮೂವರು ವಿಡಿಯೋ ಹಾಕಿಕೊಂಡು ಕೂತಿದ್ದರೂ ವ್ಯಾಲರಂಟ್ ಅನ್ನುವ ಶೂಟಿಂಗ್ ಗೇಮ್‌ನಲ್ಲಿ ನನ್ನ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ) 40ರಿಂದ 45 ಮಿಲಿಸೆಕೆಂಡ್ ಒಳಗೇ ಇರುತ್ತದೆ. ನಾಲ್ವರೂ ಈಗ ಸೆಟ್ಟಿಂಗ್ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹೇಗಿತ್ತು ಅಂದರೆ, ಯಾರೂ ನೆಟ್ ಬಳಸದಾಗ ಪಿಂಗ್ 38. ರೂಮ್‌ಮೇಟ್ ಪ್ರಾಜೆಕ್ಟ್ ವಿಡಿಯೋ ಅಪ್‌ಲೋಡ್ ಮಾಡಲು ಶುರು ಮಾಡಿದರೆ ಸಾಕು, 300 ದಾಟುತ್ತಿತ್ತು. ಒಂದು ಮ್ಯಾಚ್ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಸ್ಕೋರ್ 12-11, ನಾನೊಬ್ಬನೇ ಉಳಿದಿದ್ದೆ, ಸ್ಪೈಕ್ (ಗೇಮಿನ ಬಾಂಬ್) ಡಿಫ್ಯೂಸ್ ಮಾಡಲು ಬೇಕಿದ್ದದ್ದು 7 ಸೆಕೆಂಡ್. ಅರ್ಧ ಮುಗಿಸಿದ್ದೆ. ಅಷ್ಟರಲ್ಲಿ ಸ್ಕ್ರೀನ್ ನಿಂತಿತು, ಮತ್ತೆ ಚಲಿಸಿದಾಗ ನಾನು ಸತ್ತು ಬಿದ್ದಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕೆ ಸುರಿದ ದುಡ್ಡು ಹೇಳುತ್ತೇನೆ, ನೀವಾದರೂ ಉಳಿಸಿಕೊಳ್ಳಿ. ಮೊದಲು ಪ್ಲಾನ್ ಬದಲಿಸಿದೆ. ಡೌನ್‌ಲೋಡ್ 50ರಿಂದ 100 ಎಂಬಿಪಿಎಸ್ ಆಯಿತು, ಅಪ್‌ಲೋಡ್ ಮಾತ್ರ 20ರಲ್ಲೇ ನಿಂತಿತು, ಲ್ಯಾಗ್ ಒಂಚೂರೂ ಕಡಿಮೆಯಾಗಲಿಲ್ಲ. ಆಮೇಲೆ ಡೇಟಾವನ್ನು ಬೇರೆ ದಾರಿಯಲ್ಲಿ ಕಳಿಸುವ ಗೇಮಿಂಗ್ ವಿಪಿಎನ್, ಮೂರು ತಿಂಗಳ ದುಡ್ಡು ಒಟ್ಟಿಗೇ ಕಟ್ಟಿದ್ದೆ. ಪಿಂಗ್ ಆರೇಳು ಮಿಲಿಸೆಕೆಂಡ್ ಏರಿತೇ ಹೊರತು ಇಳಿಯಲಿಲ್ಲ. ಡೇಟಾ ಕ್ಯೂ ನಿಲ್ಲುತ್ತಿದ್ದದ್ದು ನಮ್ಮ ರೂಮಿನ ಮೋಡೆಮ್‌ನಲ್ಲಿ, ವಿಪಿಎನ್ ದಾರಿ ಬದಲಿಸುವುದು ಅದರಾಚೆ. ಅದಾದ ಮೇಲೆ ನಾಲ್ಕು ಆಂಟೆನಾದ ದೊಡ್ಡ ರೌಟರ್ ತಂದು, ಎರಡು ತಿಂಗಳಿಗೆ ಅರ್ಧ ಬೆಲೆಗೆ ಮಾರಿದೆ. ಎಲ್ಲ ಕೂಡಿಸಿದರೆ ಒಂದು ಒಳ್ಳೆಯ 144 ಹರ್ಟ್ಜ್ ಮಾನಿಟರ್ ಬರುತ್ತಿತ್ತು. ಈಗಲೂ 60ರಲ್ಲೇ ಆಡುತ್ತಿದ್ದೇನೆ.

ವಿಂಡೋಸ್ ರಿಜಿಸ್ಟ್ರಿಯಲ್ಲಿ ಟಿಸಿಪಿ (ಡೇಟಾ ಕಳಿಸುವ ಒಂದು ವಿಧಾನ) ಸೆಟ್ಟಿಂಗ್ ಬದಲಿಸಿ ಅಂತ ನೂರು ಜನ ಹೇಳುತ್ತಾರೆ. ಅದಕ್ಕೂ ಒಂದು ಭಾನುವಾರ ಕೊಟ್ಟೆ. ಗೇಮ್ ಪ್ಯಾಕೆಟ್ ಹೋಗುವುದೇ ಯುಡಿಪಿ ಅನ್ನುವ ಬೇರೆ ವಿಧಾನದಲ್ಲಿ, ಟಿಸಿಪಿ ತಿದ್ದಿ ಏನು ಬಂತು?

ಕೊನೆಗೆ ಬಫರ್‌ಬ್ಲೋಟ್ ಅನ್ನುವ ಪದ ಸಿಕ್ಕಿತು. 2010ರಲ್ಲಿ ಕಂಪ್ಯೂಟರ್ ಪರಿಣತ ಜಿಮ್ ಗೆಟ್ಟಿಸ್ ತಮ್ಮ ಮನೆಯ ಲೈನಿನಲ್ಲೇ ಇದನ್ನು ಪತ್ತೆ ಮಾಡಿದ್ದರು ಅಂತ ಓದಿದಾಗ ನಿಜಕ್ಕೂ ಖುಷಿಯಾಯಿತು, ನನ್ನ ರೂಮಿನದ್ದೂ ಅದೇ ಕಾಯಿಲೆ! ಲೈನ್ ತುಂಬಿದಾಗ ಪ್ಯಾಕೆಟ್‌ಗಳು ಮೋಡೆಮ್‌ನ ದೊಡ್ಡ ಬಫರ್‌ನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಗೇಮ್ ಪ್ಯಾಕೆಟ್ ಅವುಗಳ ಹಿಂದೆ ಕಾಯುತ್ತದೆ. ನಮ್ಮ ರೌಟರ್‌ನಲ್ಲೇ ವೇಗವನ್ನು ಲೈನಿಗಿಂತ ಸ್ವಲ್ಪ ಕಡಿಮೆ ಇಟ್ಟರೆ ಆ ಸಾಲು ಮೋಡೆಮ್‌ನಲ್ಲಿ ಬೆಳೆಯುವುದಿಲ್ಲ.

ಸೀನಿಯರ್ ಒಬ್ಬರ ಬಳಿ ಹಳೇ ರೌಟರ್ ಸುಮ್ನೆ ಬಿದ್ದಿತ್ತು. ಕೇಳಿ ತಂದು ಓಪನ್‌ಡಬ್ಲ್ಯುಆರ್‌ಟಿ (ರೌಟರ್‌ನ ಉಚಿತ ಸಾಫ್ಟ್‌ವೇರ್) ಹಾಕಿ, ಮೋಡೆಮ್‌ಗೂ ನಮಗೂ ಮಧ್ಯೆ ಇಟ್ಟು, ಈ ಸಾಲನ್ನು ನಿಭಾಯಿಸುವ ಎಸ್‌ಕ್ಯುಎಂನಲ್ಲಿ ಕೇಕ್ ಅನ್ನುವ ವಿಧಾನ ಆನ್ ಮಾಡಿದೆ. ಏನೂ ಬದಲಾಗಲಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಫ್ಲೋ ಆಫ್‌ಲೋಡಿಂಗ್ ಆನ್ ಇತ್ತು. ಅದು ಆನ್ ಇದ್ದರೆ ಪ್ಯಾಕೆಟ್‌ಗಳು ಎಸ್‌ಕ್ಯುಎಂ ಕೈಗೆ ಸಿಗದೆ ಪಕ್ಕದ ದಾರಿಯಲ್ಲಿ ಹೋಗುತ್ತವೆ. ಆಫ್ ಮಾಡಿದೆ. ಪಿಂಗ್ ಇಳಿಯಿತು, ಆದರೆ ರೌಟರ್‌ನ ಸಿಪಿಯು 100 ಮುಟ್ಟಿ, ಡೌನ್‌ಲೋಡ್ 60ರ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಕೇಕ್ ಬದಲು ಅದಕ್ಕಿಂತ ಹಗುರವಾದ ಎಫ್‌ಕ್ಯು ಕೋಡೆಲ್ ಹಾಕಿದರೆ 80ರವರೆಗೆ ಎಳೆಯಿತು. ಬಡ ರೌಟರ್ ಇರುವವರಿಗೆ ಅದೇ ಸಾಕು. ನಾನು ಹಟ ಬಿಡದೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಡ್ಯುಯಲ್ ಕೋರ್ ರೌಟರ್ ಹುಡುಕಿ ತಂದೆ. ವಿಪಿಎನ್‌ಗೆ ಕೊಟ್ಟದ್ದಕ್ಕಿಂತ ಕಡಿಮೆಗೇ ಸಿಕ್ಕಿತು.

ಇಷ್ಟಾದರೂ ಆಗಾಗ 250ಕ್ಕೆ ಹಾರುತ್ತಿತ್ತು. ಕಾರಣ ಹುಡುಕಲು ಒಂದು ವಾರ ಹಿಡಿಯಿತು. ಒಬ್ಬ ರೂಮ್‌ಮೇಟ್‌ನ ಫೋನ್ ಇನ್ನೂ ಮೋಡೆಮ್‌ನ ವೈಫೈಗೇ ಅಂಟಿಕೊಂಡಿತ್ತು, ಅವನು ಫೋಟೋ ಬ್ಯಾಕಪ್ ಹಾಕಿದಾಗಲೆಲ್ಲ ನನ್ನ ರೌಟರ್‌ಗೆ ಗೊತ್ತೇ ಆಗದೆ ಅಪ್‌ಲೋಡ್ ಪೂರ್ತಿ ತುಂಬುತ್ತಿತ್ತು. ಮೋಡೆಮ್‌ನ ವೈಫೈ ಆಫ್ ಮಾಡಿ. ಮೊದಲ ದಿನವೇ ಮಾಡಿ.

ಇನ್ನು ಎಲ್ಲರೂ ಎಡವುವ ಜಾಗ. ಲೈನಿನ ವೇಗದ ಶೇಕಡಾ 85ರಿಂದ 95ಕ್ಕೆ ಮಿತಿ ಇಡಿ ಅಂತಾರೆ. ಸರಿ, ಯಾವ ಹೊತ್ತಿನ ವೇಗ? ನಾನು ಅಳೆದದ್ದು ರಾತ್ರಿ ಎರಡು ಗಂಟೆಗೆ, ಆಡುವುದು ಒಂಬತ್ತಕ್ಕೆ. ಒಂಬತ್ತಕ್ಕೆ ಲೈನ್ ತಾನೇ ನಿಧಾನವಾಗುತ್ತದೆ, ಆಗ ನನ್ನ ಮಿತಿ ಇದ್ದೂ ಇಲ್ಲದಂತೆ. ಹತ್ತು ದಿನ ಸಂಜೆ ಹೊತ್ತು ಅಳೆದು ಬರೆದಿಟ್ಟು, ಅದರಲ್ಲಿ ತೀರಾ ಕೆಟ್ಟ ದಿನದ ಲೆಕ್ಕ ಹಿಡಿದೆ. ಈಗ ಡೌನ್ 78, ಅಪ್ 15 ಇರಬೇಕು. ಹಗಲಿಗೆ ಬೇರೆ ಮಿತಿ ತಾನಾಗೇ ಬರುವ ಹಾಗೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ, ಅದನ್ನು ಮಾತ್ರ ಕೊಡಲ್ಲ. ಕೇಕ್‌ನ ಹೆಚ್ಚುವರಿ ಆಯ್ಕೆಗಳ ಸಾಲಿನಲ್ಲಿ ನಾನು ಬರೆದಿರುವುದೂ ನನ್ನಲ್ಲೇ ಇರಲಿ. ರೂಮಿನ ಒಂದೊಂದು ಸಾಧನವನ್ನೂ ಕೇಕ್ ಬೇರೆಬೇರೆಯಾಗಿ ಗುರುತಿಸಲು ನ್ಯಾಟ್ ಅನ್ನುವ ಪದ ಬಿಡಬೇಡಿ, ಇಷ್ಟು ಸುಳಿವು ಸಾಕು.

ಈ ಮಧ್ಯೆ ಕೇಬಲ್ ಪ್ರಯೋಗವೂ ಆಯಿತು. ಸುಮಾರು 15 ಮೀಟರ್ ಈಥರ್ನೆಟ್ ಗೋಡೆಗುಂಟ ಎಳೆದೆ. ಸರಾಸರಿ ಪಿಂಗ್ ಎರಡೋ ಮೂರೋ ಮಾತ್ರ ಇಳಿಯಿತು, ಆದರೆ ಏರಿಳಿತ ಪೂರಾ ಹೋಯಿತು. ನನಗೆ ಅದೇ ಮುಖ್ಯ. ಸರ್ವರ್ 128 ಟಿಕ್, ಸೆಕೆಂಡಿಗೆ 128 ಸಲ ಆಟವನ್ನು ಅಪ್‌ಡೇಟ್ ಮಾಡುತ್ತದೆ, ಅಂದರೆ ಒಂದೊಂದು ಟಿಕ್‌ಗೆ 8 ಮಿಲಿಸೆಕೆಂಡ್ ಕೂಡ ಇಲ್ಲ. ಪಿಂಗ್ 40 ಇದ್ದು ಅಲುಗಾಡದಿದ್ದರೆ ಕೈ ಅದಕ್ಕೆ ಒಗ್ಗುತ್ತದೆ, 25ಕ್ಕೂ 60ಕ್ಕೂ ಮಧ್ಯೆ ಕುಣಿದರೆ ಒಗ್ಗಲ್ಲ. ಕೇಬಲ್ ಎಳೆಯಲು ಆಗದವರು ವೈಫೈನ 5 ಗಿಗಾಹರ್ಟ್ಜ್‌ಗೆ ಹೋಗಿ. 2.4ರಲ್ಲಿ 1, 6, 11 ಮೂರೂ ಚಾನೆಲ್ ನೋಡಿದೆ, ಅಕ್ಕಪಕ್ಕದವರ ವೈಫೈ ಮೂರರಲ್ಲೂ ತುಂಬಿತ್ತು.

ಗೋಲ್ಡ್ 2 ರ‍್ಯಾಂಕ್‌ನಲ್ಲಿ ವರ್ಷವಿಡೀ ಕೊಳೆಯುತ್ತಿದ್ದವನು ಈಗ ಮೇಲಿನ ಡೈಮಂಡ್ 1. ಎಲ್ಲ ಪಿಂಗ್‌ನಿಂದಲೇ ಬಂತು ಅನ್ನಲ್ಲ, ದಿನಾ ಎರಡು ಡೆತ್‌ಮ್ಯಾಚ್ ಆಡದೆ ರ‍್ಯಾಂಕ್ಡ್‌ಗೆ ಹೋಗುವುದಿಲ್ಲ. ಆದರೆ ಸತ್ತಾಗ ಯಾಕೆ ಸತ್ತೆ ಅಂತ ಈಗ ಗೊತ್ತಾಗುತ್ತದೆ. ಮೊದಲು ಲ್ಯಾಗೋ ನನ್ನ ತಪ್ಪೋ ತಿಳಿಯದೆ ಏನನ್ನೂ ತಿದ್ದಿಕೊಳ್ಳಲು ಆಗುತ್ತಿರಲಿಲ್ಲ, ಅಲ್ವಾ?

ತಲೆ ಸರಿ ಇದೆಯಾ ಅಂದವನ ರೂಮಿಗೆ ಹೋದ ಶನಿವಾರ ಹೋಗಿದ್ದೆ. ಅವನ ಲೈನ್ ನನ್ನದಕ್ಕಿಂತ ಎರಡು ಪಟ್ಟು, ಅಪ್‌ಲೋಡ್ ಹಾಕಿದರೆ ಪಿಂಗ್ 180. ಮೋಡೆಮ್ ವೈಫೈ ಆಫ್, ಆಫ್‌ಲೋಡಿಂಗ್ ಆಫ್, ಮಿತಿ ಸಂಜೆಯ ಲೆಕ್ಕಕ್ಕೆ. ಮುಕ್ಕಾಲು ಗಂಟೆಯಲ್ಲಿ 180 ಇದ್ದದ್ದು 44ಕ್ಕೆ ಬಂತು. ಅವನು ಏನೂ ಮಾತಾಡಲಿಲ್ಲ, ನೇರ ಮುಂದಿನ ಮ್ಯಾಚ್‌ಗೆ ಕ್ಯೂ ಒತ್ತಿದ.