ಹಿತ್ತಲ ಕೋಳಿಗೆ ಎಂಥ ನೀರು?

ಮೊಟ್ಟೆ ಕಡಿಮೆಯಾಯಿತೆಂದು ಕಾಳು ಬದಲಿಸುವ ಮುಂಚೆ ನೀರಿನ ಬಾನಿಗೆ ಕೈ ಹಾಕಿ ನೋಡಿ. ಒಳಗೋಡೆ ಲೋಳೆಲೋಳೆಯಾಗಿದ್ದರೆ ತಪ್ಪು ಅಲ್ಲೇ ಇದೆ. ಚಿಪ್ಪು ಬಿಟ್ಟರೆ ಮೊಟ್ಟೆಯಲ್ಲಿ ಮುಕ್ಕಾಲು ಭಾಗ ನೀರೇ. ದೊಡ್ಡ ಕೋಳಿಯೊಂದು ದಿನಕ್ಕೆ ಸುಮಾರು ಕಾಲು ಲೀಟರ್ ಕುಡಿಯುತ್ತದೆ, ಏಪ್ರಿಲ್ ಬಿಸಿಲಿಗೆ ಅರ್ಧ ಲೀಟರ್ ಬೇಕಾದೀತು. ಒಂದು ದಿನ ನೀರು ತಪ್ಪಿದರೂ ಮೊಟ್ಟೆ ಹಲವು ದಿನ ಹಿಂದೆ ಬೀಳುತ್ತದೆ.

ಮನೆಯವರು ಕುಡಿಯುವ ನೀರನ್ನೇ ಕೋಳಿಗೂ ಕೊಡಿ. ಪಾತ್ರೆ ತೊಳೆದ ನೀರು, ಸೋಪಿನ ಬಚ್ಚಲು ನೀರು, ಕಾಡುಬಾತು ಇಳಿಯುವ ಕೆರೆಯ ನೀರು ಬೇಡ. ಹಕ್ಕಿಜ್ವರ ಕಾಡುಹಕ್ಕಿಗಳ ಹಿಕ್ಕೆಯಿಂದಲೂ ಹರಡುತ್ತದೆ. ತಿಪ್ಪೆಗುಂಡಿಯ ಪಕ್ಕದ ಬಾವಿಯ ನೀರು ಕಣ್ಣಿಗೆ ತಿಳಿಯಾಗಿದ್ದರೂ ನೈಟ್ರೇಟ್ ಇಳಿದಿರಬಹುದು. ಕೋಲಾರ, ಪಾವಗಡದ ಕಡೆ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮತ್ತು ಉಪ್ಪಿನಂಶದ ಕಾಟ. ಇಂಥ ನೀರನ್ನು ಕಾಯಿಸಿ ಪ್ರಯೋಜನವಿಲ್ಲ: ಕುದಿಸಿದರೆ ರೋಗಾಣು ಸಾಯುತ್ತವೆ, ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರಿನಲ್ಲಿ 1000ದ (ಲೀಟರಿಗೆ ಮಿಲಿಗ್ರಾಂ) ಒಳಗಿದ್ದರೆ ಉಪ್ಪಿನ ಚಿಂತೆಯಿಲ್ಲ. ಅದಕ್ಕಿಂತ ಮೇಲೆ ಹೋದಂತೆ ಹಿಕ್ಕೆ ನೀರಾಗುತ್ತದೆ, 3000 ದಾಟಿದ್ದು ಕೋಳಿಗೆ ಬೇಡ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಉಳಿತಾಯವೆಂದು ಬಾನಿಗೆ ಸುರಿಯುವವರಿದ್ದಾರೆ. ಯಂತ್ರ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದಲ್ಲ!

ತೆರೆದ ಬಾವಿ ಅಥವಾ ಸಂಪಿನ ನೀರಾದರೆ, ಅದರಲ್ಲೂ ಮೊದಲ ಮಳೆ ಬಿದ್ದ ಮೇಲೆ, ಕ್ಲೋರಿನ್ ಹಾಕಿಯೇ ಕೊಡಿ. ಹೊಸ ಬ್ಲೀಚಿಂಗ್ ಪೌಡರ್ 10 ಗ್ರಾಂ ಅನ್ನು ಒಂದು ಲೀಟರ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರಲು ಬಿಡಿ. ಮೇಲಿನ ತಿಳಿಯಲ್ಲಿ 20 ಮಿ.ಲೀ. ತೆಗೆದು 20 ಲೀಟರ್ ಬಿಂದಿಗೆ ನೀರಿಗೆ ಬೆರೆಸಿ, ಒಂದು ಗಂಟೆ ಬಿಟ್ಟು ಕೊಡಿ. ನೀರು ಕಲಕಾಗಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಬೇಕು, ಇಲ್ಲದಿದ್ದರೆ ಕೆಸರೇ ಕ್ಲೋರಿನ್ ತಿಂದುಬಿಡುತ್ತದೆ. ಗಾಳಿಯಾಡಿದ ಹಳೇ ಪೌಡರಿನಲ್ಲಿ ಸತ್ವ ಉಳಿದಿರುವುದಿಲ್ಲ.

ಒಳ್ಳೆಯ ನೀರನ್ನೂ ಪಾತ್ರೆ ಕೆಡಿಸುತ್ತದೆ. ಬಿಳಿ ಪ್ಲಾಸ್ಟಿಕ್‌ನೊಳಗೆ ಬೆಳಕು ಹೊಕ್ಕು ಪಾಚಿ ಕಟ್ಟುತ್ತದೆ. ಬಯಲುಸೀಮೆಯ ಬಿಸಿಲಿಗೆ ನೆರಳಲ್ಲಿಟ್ಟ ಮಣ್ಣಿನ ಬಾನಿಯೇ ಸರಿ. ನೀರು ಬಿಸಿಯಾದರೆ ಕೋಳಿ ಕುಡಿಯುವುದನ್ನೇ ಕಡಿಮೆ ಮಾಡುತ್ತದೆ, ಸೆಕೆಗೆ ಬಾಯಿಬಿಟ್ಟು ನಿಲ್ಲುತ್ತದೆ. ಬಾನಿಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಇಟ್ಟಿಗೆ ಮೇಲಿಡಿ. ಕೆಳಗಿಟ್ಟರೆ ಕೆದಕಿದ ಮಣ್ಣು, ಹಿಕ್ಕೆ ಒಳಗೆ ಬೀಳುತ್ತದೆ, ಸುತ್ತಲ ನೆಲ ಹಸಿಯಾಗಿ ರಕ್ತಭೇದಿಯ ರೋಗಾಣು ಬಲಿಯುತ್ತವೆ. ಮರಿಗಳಿಗೆ ಆಳವಿಲ್ಲದ ತಟ್ಟೆ, ಅದರಲ್ಲಿ ಬೆಣಚುಕಲ್ಲು. ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ದಿನಾ ಬೆಳಿಗ್ಗೆ ಹಳೇ ನೀರು ಗಿಡದ ಬುಡಕ್ಕೆ ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ನೀರಿನಲ್ಲಿ ಕೊಡುವುದಾದರೆ ಮಾತ್ರ ಎರಡು ದಿನ ಮುಂಚೆಯೇ ಕ್ಲೋರಿನ್ ನಿಲ್ಲಿಸಿ. ಅದು ಲಸಿಕೆಯನ್ನೂ ಕೊಲ್ಲುತ್ತದೆ. ಅಂದು ಬಾನಿಯನ್ನು ಸೋಪಿಲ್ಲದೆ ತೊಳೆದು, ಲೀಟರಿಗೆ 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಮೊದಲು ಕಲಸಿ, ಆಮೇಲೆ ಲಸಿಕೆ ಬೆರೆಸಿ. ಕೋಳಿಗಳು ಎರಡು ಗಂಟೆಯೊಳಗೆ ಕುಡಿದು ಮುಗಿಸುವಷ್ಟೇ ನೀರಿರಲಿ.